ಓದಿ ಹೇಳಲಾಗಿ ಸರಿಯಿದೆ

ಬೆಳಗ್ಗೆ ಎದ್ದಾಗಿನಿಂದ ಅವಳ ತಲೆಯೊಳಗೆ ‘ಸದರಿ’ ಎಂಬ ಮಾತು ಬಂದು ಕೂತುಬಿಟ್ಟಿತ್ತು. ಸದರಿ ಹಾಲು ಉಕ್ಕಿತು. ಸದರಿ ಒಲೆಯನ್ನು ಒರೆಸಲಾಯಿತು. ಸದರಿ ಗಂಡನು ತನ್ನ ಕನ್ನಡಕ ಎಲ್ಲಿ ಎಂದು ವಿಚಾರಿಸಲಾಗಿ, ಅದು ಅವನ ನೆತ್ತಿಯ ಮೇಲೆಯೇ ಇರುವುದಾಗಿ ತಿಳಿಸಲಾಯಿತು. ಇಪ್ಪತ್ತೊಂಬತ್ತು ವರ್ಷ ಕೋರ್ಟಿನಲ್ಲಿ ಬೆರಳಚ್ಚು ಮಾಡಿದವಳಿಗೆ ಇದು ಹೊಸ ಕಾಯಿಲೆಯೇನೂ ಅಲ್ಲ. ಆದರೆ ಮನಸ್ಸು ನೆಟ್ಟಗಿದ್ದ ದಿನ ಈ ಭಾಷೆ ಕೋರ್ಟಿನ ಗೇಟಿನ ಹತ್ತಿರವೇ ಅವಳನ್ನು ಬಿಟ್ಟು ಹೋಗುತ್ತಿತ್ತು. ಮನಸ್ಸು ಕೆಟ್ಟ ದಿನ ಮನೆಯ ತನಕ ಹಿಂಬಾಲಿಸಿ ಬಂದು ಅಡುಗೆಮನೆಯಲ್ಲೇ ಠಿಕಾಣಿ ಹೂಡುತ್ತಿತ್ತು. ಡ್ರಾಯಿಂಗ್ ಮೇಷ್ಟರಾಗಿ ನಿವೃತ್ತನಾದ ಗಂಡ, ನಲವತ್ತು ವರ್ಷ ಮಕ್ಕಳಿಗೆ ಮಾವಿನಹಣ್ಣು ಬರೆಯಿಸಿ ಈಗ ತಾನೇ ಒಂದು ಮಾವಿನಹಣ್ಣಿನಂತೆ ದುಂಡಗಾದವನು, ಅವಳ ಮುಖವನ್ನು ಓರೆಯಾಗಿ ನೋಡಿ, “ಏನೇ, ಇವತ್ತು ಹುಬ್ಬು ಎರಡೂ ಒಂದೇ ಗೆರೆಯಲ್ಲಿವೆ?” ಎಂದ. “ಏನಿಲ್ಲ ರೀ” ಎಂದಳು. ಇದ್ದುದು ಇಷ್ಟೇ: ನಿನ್ನೆ ಸಂಜೆ ಮರುದಿನದ ಪಟ್ಟಿ ಬರೆಯುವಾಗ ಏಳನೆಯ ಕೇಸಿನ ಪಕ್ಕದಲ್ಲಿ ಒಂದು ಠಾಣೆಯ ಹೆಸರು ಬಂದಿತ್ತು. ಆ ಹೆಸರನ್ನು ಅವಳ ಬೆರಳುಗಳು ಎರಡು ಸಲ ತಪ್ಪಾಗಿ ಒತ್ತಿದವು. ಅವಳ ಬೆರಳುಗಳು ತಪ್ಪುವುದೇ ಇಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅದೊಂದು ಶುಭಸೂಚನೆ ಎಂದು ಮನಸ್ಸಿಗೆ ಹೇಳಿಕೊಂಡಳು. ಹೊರಗೆ ಅಂಗಡಿಗಳ ಕದಗಳು ಗಡಗಡನೆ ಮೇಲೇಳುತ್ತಿದ್ದವು, ಒಬ್ಬ ಬಕೆಟ್ಟಿನಲ್ಲಿ ನೀರು ತಂದು ತನ್ನ ಅಂಗಡಿಯ ಮುಂದಿನ ರಸ್ತೆಯಷ್ಟನ್ನೇ ಚೌಕವಾಗಿ ತೊಳೆಯುತ್ತಿದ್ದ. ಹಿಂದೊಮ್ಮೆ ಕಟಕಟೆ ಹತ್ತಿದ್ದ ಒಬ್ಬ ಹೆಂಗಸಿನ ಕೈಗಳೂ ನೀರಿನಲ್ಲಿ ಹೀಗೇ ನೆನೆದು ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ. ಹದಿನಾಲ್ಕು ವರ್ಷ ಆಯಿತು. ನಿನ್ನೆಯ ಪಟ್ಟಿಯಲ್ಲಿದ್ದ ಅದೇ ಠಾಣೆಯ ಲಾಕಪ್ಪಿನಲ್ಲಿ ಸತ್ತ ಮಗನ ಬಗ್ಗೆ ಸಾಕ್ಷಿ ಹೇಳಲು ಬಂದು ಕಟಕಟೆಯ ಕಂಬಿಯನ್ನು ಒಗೆದ ಬಟ್ಟೆ ಹಿಂಡುವ ಹಾಗೆ ಹಿಡಿದುಕೊಂಡು, “ಕೊಂದುಬಿಟ್ರು ಸ್ವಾಮಿ, ಕೊಂದು ನನ್ನ ಕೈಗೆ ಕೊಟ್ರು” ಎಂದಳು. ಆಗಿದ್ದ ಹಿರಿಯ ನ್ಯಾಯಾಧೀಶರು ಕೇಳಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಪದ್ಧತಿಯಂತೆ ಅದನ್ನು ದಾಖಲೆಯ ಭಾಷೆಗೆ ತಿರುಗಿಸಿ ಹೇಳಿ ಬರೆಸಿದರು: ‘ಮರುದಿನ ನನ್ನ ಮಗನು ಮೃತಪಟ್ಟ ವಿಷಯ ನನಗೆ ತಿಳಿದುಬಂದಿತು.’ ಇವಳು ಅದನ್ನೇ ಒತ್ತಿದಳು. ಸಾಕ್ಷಿ ಮುಗಿಸಿ ಹೊರಗೆ ಹೋದ ತಾಯಿ ಊಟದ ಬಿಡುವಿನಲ್ಲಿ ಕಾರಿಡಾರಿನಲ್ಲಿ ಕಾದಿದ್ದು, “ಚೆನ್ನಾಗಿ ಬರ್ಕೊಂಡ್ಯಾ ತಾಯಿ?” ಎಂದು ಕೇಳಿದಳು. “ಹೂಂ, ಚೆನ್ನಾಗಿ ಬರ್ಕೊಂಡೆ” ಎಂದು ಇವಳು ಅಂದಳು. ಆರು ತಿಂಗಳ ನಂತರ ತೀರ್ಪನ್ನು ಒತ್ತಿದವಳೂ ಇವಳೇ: ‘ಕೊಂದರೆಂದು ಸ್ವತಃ ತಾಯಿಯೇ ತನ್ನ ಸಾಕ್ಷ್ಯದಲ್ಲಿ ಎಲ್ಲಿಯೂ ಹೇಳಿರುವುದಿಲ್ಲ.’ ಹಿರಿಯರು ಹಾಳೆ ತಿರುವಿ, “ಭೇಷ್! ಒಂದೂ ತಪ್ಪಿಲ್ಲ” ಎಂದಿದ್ದರು. ಕಂಡಕ್ಟರ್ ಎರಡನೇ ಸಲ ಕೂಗಿದ ಮೇಲೆ ಅವಳು ಗಡಿಬಿಡಿಯಿಂದ ಇಳಿದಳು.

ಕೋರ್ಟ್ ಹಾಲಿನಲ್ಲಿ ಅವಳ ಜಾಗ ನ್ಯಾಯಾಧೀಶರ ಪೀಠದ ಕೆಳಗೆ, ಸಾಕ್ಷಿಯ ಕಟಕಟೆಯ ಎಡಕ್ಕೆ. ಹಾಲಿಗೆ ಬಂದವರೆಲ್ಲ ಅವಳನ್ನು ನೋಡುತ್ತಿದ್ದರು, ಯಾರಿಗೂ ಅವಳು ಕಾಣುತ್ತಿರಲಿಲ್ಲ. ಒಮ್ಮೆ ಒಬ್ಬ ಹಿರಿಯ ವಕೀಲರು ವಾದದ ಭರದಲ್ಲಿ ತಮ್ಮ ಕೋಟನ್ನು ಅವಳ ಕುರ್ಚಿಗೆ ತೂಗುಹಾಕಿದ್ದರು, ಅವಳು ಅದರಲ್ಲಿ ಕೂತಿರುವಾಗಲೇ. ಹೆಸರಿಟ್ಟು ಕರೆದವರಿಲ್ಲ; ಎಲ್ಲರಿಗೂ ಅವಳು ಟೈಪಮ್ಮ. “ಹೊಡಿಯಮ್ಮ” ಎನ್ನುವರು, “ಬೇಗ ಹೊಡಿ”, “ಇನ್ನೂ ಹೊಡೆದಾಗಲಿಲ್ವಾ?” ಕಳ್ಳರು, ಕುಡುಕರು, ದಾಯಾದಿಗಳು, ಪೊಲೀಸರು, ಯಾರನ್ನು ಕೇಳಿದರೂ ನಾನು ಹೊಡೆಯಲಿಲ್ಲ ಎನ್ನುವ ಈ ಹಾಲಿನಲ್ಲಿ ದಿನವಿಡೀ ಹೊಡೆದೆ ಎಂದು ಒಪ್ಪಿಕೊಳ್ಳುವವಳು ತಾನೊಬ್ಬಳೇ ಎಂದು ಅವಳಿಗೆ ಆಗಾಗ ನಗು ಬರುತ್ತಿತ್ತು. ನಗುವನ್ನು ಕಂಪ್ಯೂಟರಿನ ಹಿಂದೆ ಅಡಗಿಸಿಕೊಳ್ಳುವಳು. ಈಗಿನ ನ್ಯಾಯಾಧೀಶರು ಮೂವತ್ತೈದರ ಆಸುಪಾಸಿನವರು, ವರ್ಷಪೂರ್ತಿ ನೆಗಡಿ. ಕೆಟ್ಟವರಲ್ಲ. ಬಾಕಿ ಕೇಸುಗಳ ರಾಶಿಯನ್ನು ನೋಡಿ ನೋಡಿ ಅವರ ಕಣ್ಣಿಗೆ ಮನುಷ್ಯರೂ ಫೈಲುಗಳಂತೆ ಕಾಣತೊಡಗಿದ್ದರು, ಅಷ್ಟೇ.

ಏಳನೆಯ ಕೇಸನ್ನು ಕೂಗಿದಾಗ ಹನ್ನೊಂದೂವರೆ. ಬಂದವನು ಅರವತ್ತು ದಾಟಿದ ಒಬ್ಬ ಸಣ್ಣ ಮನುಷ್ಯ. ಇಸ್ತ್ರಿ ಮಾಡಿದ ಕೆಂಪು ಕೋಟು, ಹೆಗಲಿಗೆ ಜರಿಯ ಎಳೆ, ಎದೆಗೆ ಹಿತ್ತಾಳೆಯ ಗುಂಡಿ. ಬ್ಯಾಂಡಿನವರ ಸಮವಸ್ತ್ರ. ಕೋರ್ಟಿಗೆ ಬರುವುದೆಂದರೆ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬರಬೇಕೆಂದು ಅವನು ತಿಳಿದಿದ್ದ. ಊರಿನವರೆಲ್ಲ ಅವನನ್ನು ತುತ್ತೂರಿ ಎಂದೇ ಕರೆಯುತ್ತಿದ್ದರಂತೆ. ಒಂಬತ್ತು ವರ್ಷದ ಹಿಂದೆ ಕಾರ್ಖಾನೆಯ ಕೆಲಸಗಾರರು ಮೆರವಣಿಗೆ ಹೊರಟಾಗ ಮುಂದೆ ಊದಲು ಇವನನ್ನು ಕರೆದಿದ್ದರು. ಪೊಲೀಸರು ಲಾಠಿ ಬೀಸಿ ಹಿಡಿದುಕೊಂಡು ಹೋದವರಲ್ಲಿ ಇವನೂ ಸೇರಿಹೋದ. ಠಾಣೆಯಲ್ಲಿ ತನಗಾದದ್ದರ ಮೇಲೆ ಇವನು ಕೊಟ್ಟ ದೂರು ಒಂಬತ್ತು ವರ್ಷ ಒಂದು ಕೋರ್ಟ್ ಹಾಲಿನಿಂದ ಇನ್ನೊಂದಕ್ಕೆ ತಿರುಗಿ ಇಂದು ಇಲ್ಲಿಗೆ ಬಂದಿತ್ತು. ಅಂದಿನ ಠಾಣೆಯ ಸಾಹೇಬರು ಬಡ್ತಿಯ ಮೇಲೆ ಬಡ್ತಿ ಪಡೆದು ಈಗ ದೊಡ್ಡ ಅಧಿಕಾರಿ. ಮಫ್ತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಅವರು ಉಗುರು ನೋಡಿಕೊಳ್ಳುತ್ತಿದ್ದರು.

“ಠಾಣೇಲಿ ಏನಾಯ್ತು, ಚುಟುಕಾಗಿ ಹೇಳಿ” ಎಂದರು ನ್ಯಾಯಾಧೀಶರು, ಮೂಗೊರೆಸಿಕೊಳ್ಳುತ್ತ.

“ಚುಟುಕಾಗೇ ಹೇಳ್ತೀನಿ ಸ್ವಾಮಿ. ನೆಲದ ಮೇಲೆ ಕೂರ್ಸಿದ್ರು. ಸಾಹೇಬ್ರು ಬಂದು, ‘ಏನಯ್ಯಾ, ಅವರಿಗೆ ಊದಿದ್ಯಲ್ಲ, ನಮಗೂ ಊದು’ ಅಂದ್ರು. ‘ಯಾವುದು ಊದ್ಲಿ ಸಾರ್?’ ಅಂದೆ. ಗಿರಾಕಿ ಕೇಳಿದ್ರೆ ನಾವು ಹಾಗೆ ಕೇಳೋದು ವಾಡಿಕೆ, ಕೊಬ್ಬಿಗೆ ಕೇಳಿದ್ದಲ್ಲ. ಅದಕ್ಕೇ ಒಂದು ಏಟು ಬಿತ್ತು. ಸರಿ, ಮದುವೆ ಮನೇಲಿ ಹೆಣ್ಣಿನ ಕಡೆಯವರು ಬಂದಾಗ ಊದೋದನ್ನ ಊದಿದೆ. ಚೆನ್ನಾಗೇ ಬಂತು ಸ್ವಾಮಿ, ನಾನೇ ಹೇಳ್ಕೋಬಾರದು. ಮೂಲೇಲಿ ನಿಂತಿದ್ದ ಒಬ್ಬ ಪೇದೆ ಕಾಲು ಕುಣಿಸ್ತಿದ್ದ.”

ಹಾಲಿನಲ್ಲಿ ನಗೆ ಎದ್ದಿತು. ತುತ್ತೂರಿಯೂ ನಕ್ಕ. ನಕ್ಕಾಗ ಅವನ ಮುಂದಿನ ನಾಲ್ಕು ಹಲ್ಲುಗಳ ಜಾಗ ಖಾಲಿ ಕಂಡಿತು.

“ಅದನ್ನ ನೋಡಿ ಸಾಹೇಬ್ರಿಗೆ ಸಿಟ್ಟು ನೆತ್ತಿಗೇರ್ತು. ತುತ್ತೂರಿ ಬಾಯಲ್ಲಿ ಇದ್ದ ಹಾಗೇ ಅದರ ಮೂತಿಗೆ ಬೂಟುಗಾಲಿನಲ್ಲಿ ಒದ್ರು. ಒಂದು ಸಲ ಅಲ್ಲ, ಎರಡು ಸಲ. ಹಲ್ಲು ನಾಲ್ಕೂ ಕೈಗೆ ಬಂದ್ವು. ‘ಈಗ ಊದು’ ಅಂದ್ರು. ಊದಿದೆ ಸ್ವಾಮಿ. ಗಾಳಿ ಬಂತು, ರಕ್ತ ಬಂತು, ಸ್ವರ ಬರ್ಲಿಲ್ಲ. ಆವತ್ತಿಂದ ಬಂದಿಲ್ಲ.”

ಇದನ್ನೂ ಅವನು ನಗುನಗುತ್ತಲೇ ಹೇಳಿದ. ಕೇಳಿದವರಿಗೆ ಬೇಜಾರಾಗಬಾರದು ಎಂಬ ಕಾಳಜಿ ಅವನಿಗೆ, ಮದುವೆ ಮನೆಗಳಲ್ಲಿ ಬದುಕು ಕಳೆದವನಲ್ಲವೇ. ನ್ಯಾಯಾಧೀಶರು ಗೋಡೆಯ ಗಡಿಯಾರ ನೋಡಿದರು. ಸೀನು ಬರುವಂತಾಗಿ ಬರಲಿಲ್ಲ. ನಂತರ ತಮ್ಮ ಎಂದಿನ ಏರಿಳಿತವಿಲ್ಲದ ದನಿಯಲ್ಲಿ ಹೇಳಿ ಬರೆಸತೊಡಗಿದರು: “ಸದರಿ ಸಮಯದಲ್ಲಿ ನನ್ನ ಬಾಯಿಗೆ ಪೆಟ್ಟು ಉಂಟಾಯಿತು. ಅದರಿಂದ ನನ್ನ ಕೆಲವು ಹಲ್ಲುಗಳು ಬಿದ್ದುಹೋದವು.”

ಹಲ್ಲುಗಳು ಬಿದ್ದುಹೋದವು. ಆರು ವರ್ಷದ ಮಕ್ಕಳ ಹಲ್ಲು ಬಿದ್ದುಹೋದ ಹಾಗೆ. ಪೆಟ್ಟು ಉಂಟಾಯಿತು, ಮಳೆ ಉಂಟಾದ ಹಾಗೆ, ಯಾರದೂ ಕೈಯಿಲ್ಲದೆ, ಕಾಲಂತೂ ಇಲ್ಲವೇ ಇಲ್ಲ. ಅವಳಿಗೆ ಅಂಥ ದೊಡ್ಡ ಸಿಟ್ಟೇನೂ ಬರಲಿಲ್ಲ. ಆಮೇಲೆ ಎಷ್ಟು ಯೋಚಿಸಿದರೂ ಆ ಗಳಿಗೆಯಲ್ಲಿ ತಾನು ಒಂದು ನಿರ್ಧಾರ ಮಾಡಿದ ನೆನಪು ಅವಳಿಗೆ ಬರಲೊಲ್ಲದು. ಕಿವಿಯಲ್ಲಿ ಎರಡು ದನಿಗಳಿದ್ದವು. ಒಂದು ಮೇಲಿನಿಂದ ಬರುತ್ತಿತ್ತು, ಒಂದು ಪಕ್ಕದಿಂದ ಬಂದು ಇನ್ನೂ ಅಲ್ಲೇ ನಿಂತಿತ್ತು. ಬೆರಳುಗಳು ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಪಕ್ಕದ ದನಿಯನ್ನು ಆರಿಸಿಕೊಂಡವು. ಪರದೆಯ ಮೇಲೆ ಅಕ್ಷರಗಳು ಮೂಡಿದವು: ‘ತುತ್ತೂರಿ ನನ್ನ ಬಾಯಲ್ಲಿ ಇದ್ದ ಹಾಗೇ ಸಾಹೇಬರು ಅದರ ಮೂತಿಗೆ ಬೂಟುಗಾಲಿನಲ್ಲಿ ಎರಡು ಸಲ ಒದ್ದರು. ಹಲ್ಲು ನಾಲ್ಕೂ ಕೈಗೆ ಬಂದವು. ಈಗ ಊದು ಎಂದರು.’ ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ನೋಡಿ ಬರೆದವಳಂತೆ ಅವಳ ಕಿವಿ ಬಿಸಿಯಾಯಿತು. ಹೊಟ್ಟೆಯೊಳಗೆ ಮಾತ್ರ ಏನೋ ಹಗುರ, ಉಯ್ಯಾಲೆಯಲ್ಲಿ ಕೂತವರ ಕಾಲು ನೆಲ ಬಿಟ್ಟಾಗ ಆಗುವಂಥದು. ಅಳಿಸಬಹುದಿತ್ತು. ಒಂದು ಕೀಲಿಯ ಕೆಲಸ. ಅಷ್ಟರಲ್ಲಿ ಆರೋಪಿಯ ವಕೀಲರ ಪಾಟೀಸವಾಲು ಶುರುವಾಗಿ ಬೆರಳುಗಳು ಮುಂದೆ ಓಡಿದವು.

ಸಾಕ್ಷಿ ಮುಗಿದ ಮೇಲೆ ಅದನ್ನು ಸಾಕ್ಷಿದಾರನಿಗೆ ಓದಿ ಹೇಳಿ, ಅವನು ಸರಿಯಿದೆ ಎಂದ ಮೇಲೆ ರುಜು ಹಾಕಿಸಬೇಕು. ಅದು ಕಾನೂನು. ವಾಡಿಕೆಯಲ್ಲಿ ಅವಳು ಬಾಯೊಳಗೇ ಜಪ ಮಾಡಿದಂತೆ ಅರ್ಧ ನಿಮಿಷದಲ್ಲಿ ಓದಿ ಮುಗಿಸುವಳು, ಸಾಕ್ಷಿ ತಲೆಯಾಡಿಸುವನು, ನ್ಯಾಯಾಧೀಶರು ಅಷ್ಟರಲ್ಲಿ ಮುಂದಿನ ಫೈಲು ತೆರೆದಿರುವರು. ಇಂದೂ ಹಾಗೇ ಮುಗಿಸಿಬಿಡೋಣ, ಯಾರಿಗೆ ತಿಳಿಯುತ್ತದೆ ಎಂದು ಹಾಳೆ ಕೈಗೆತ್ತಿಕೊಂಡಳು. ಬಾಯಿ ತೆರೆದರೆ ಹೊರಟ ದನಿ ಕೇಳಿ ಅವಳೇ ಬೆಚ್ಚಿಬಿದ್ದಳು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಪಾಠ ಗಟ್ಟಿಯಾಗಿ ಓದಲು ಇವಳನ್ನೇ ಎಬ್ಬಿಸುತ್ತಿದ್ದರು. ಆ ದನಿ ಇಷ್ಟು ವರ್ಷ ಎಲ್ಲಿತ್ತೋ, ಹಾಲಿನ ಕೊನೆಯ ಬೆಂಚಿನವರೆಗೂ ಹೋಯಿತು. ‘ಬೂಟುಗಾಲಿನಲ್ಲಿ ಎರಡು ಸಲ ಒದ್ದರು’ ಎಂಬಲ್ಲಿಗೆ ಬಂದಾಗ ಉಗುರು ನೋಡಿಕೊಳ್ಳುತ್ತಿದ್ದ ಅಧಿಕಾರಿ ತಲೆ ಎತ್ತಿದರು.

“ನಿಲ್ಸಿ ನಿಲ್ಸಿ” ಎಂದರು ನ್ಯಾಯಾಧೀಶರು. “ನಾನು ಹೀಗೆ ಹೇಳಿದ್ನಾ?”

“ಇಲ್ಲ ಸ್ವಾಮಿ. ಅವರು ಹೇಳಿದ್ರು.”

ಅವಳು ಎದುರಾಡಿದ್ದಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದಳು, ಕನ್ನಡಕ ನೆತ್ತಿಯ ಮೇಲಿದೆ ಎಂದು ಹೇಳುವ ದನಿಯಲ್ಲೇ. ಹಿಂದಿನ ಬೆಂಚುಗಳಿಂದ ನಗೆ ಉರುಳುತ್ತ ಬಂತು. ಆರೋಪಿಯ ವಕೀಲರು ಎದ್ದು ನಿಂತು, “ಸ್ವಾಮಿ, ಟೈಪಮ್ಮ ಸಾಕ್ಷಿ ಬರೆಯೋ ಹಾಗಾದ್ರೆ ನಾವೆಲ್ಲ ಮನೆಗೆ ಹೋಗಬಹುದು!” ಎಂದರು. “ಹೋಗಿ ಬನ್ನಿ ಸ್ವಾಮಿ, ಯಾರು ಬೇಡ ಅಂದ್ರು?” ಎಂದ ತುತ್ತೂರಿ, ತುಂಬ ಮರ್ಯಾದೆಯಿಂದ. ನ್ಯಾಯಾಧೀಶರು ಮೇಜು ಕುಟ್ಟಿದರು. ಆ ಕುಟ್ಟಿದ ಏಟಿಗೆ ಬೆಳಗಿನಿಂದ ತಡೆದಿದ್ದ ಸೀನು ಬಂದುಬಿಟ್ಟಿತು, ಒಂದಲ್ಲ, ಮೂರು. ಸೀನಿದ ಮೇಲೆ ಅವರ ಮುಖ ಬೇರೆಯೇ ಆಗಿತ್ತು. ಕಣ್ಣಲ್ಲಿ ನೀರು, ಮೂಗು ಕೆಂಪು, ಯಾರದೋ ಮನೆಯ ತಮ್ಮನಂತೆ ಕಂಡರು. ತುತ್ತೂರಿಯ ಕಡೆ ತಿರುಗಿ ಮೊದಲ ಸಲ ಅವನ ಬಾಯಿಯನ್ನು ನೋಡಿದರು.

“ಈಗ ಓದಿದ್ದು ನೀವು ಹೇಳಿದ್ದೇನಾ?”

“ನಾನು ಹೇಳಿದ್ದೇ ಸ್ವಾಮಿ. ಒಂದೇ ಒಂದು ಬಿಟ್ಟುಹೋಗಿದೆ, ಆ ಪೇದೆ ಕಾಲು ಕುಣಿಸಿದ್ದು. ಪಾಪ, ಅಲ್ಲಿ ಹಾಡು ಕೇಳ್ತಾ ಇದ್ದವನು ಅವನೊಬ್ಬನೇ. ಅವನನ್ನೂ ಸೇರಿಸ್ಕೊಳ್ಳಿ.”

ನ್ಯಾಯಾಧೀಶರು ಅಧಿಕಾರಿಯನ್ನು ನೋಡಿದರು, ವಕೀಲರನ್ನು ನೋಡಿದರು, ಕೊನೆಗೆ ಕೆಳಗೆ ಬಗ್ಗಿ ಅವಳನ್ನು ನೋಡಿದರು. ಎರಡು ವರ್ಷದಿಂದ ಅವರ ಪಾದದ ಹತ್ತಿರ ಕೂತವಳ ಮುಖ ಅವರಿಗೆ ಅಂದು ಕಂಡಿತೇನೋ. “ಸೇರಿಸಿ” ಎಂದರು. ಅವಳು ಸೇರಿಸಿದಳು. ತುತ್ತೂರಿ ಪ್ರತಿ ಹಾಳೆಗೂ ನಾಲಿಗೆ ಕಚ್ಚಿಕೊಂಡು ರುಜು ಹಾಕಿದ.

ಮೂರನೆಯ ದಿನ ಅವಳ ಮೇಜಿಗೆ ಮೆಮೊ ಬಂತು. ಹೇಳಿ ಬರೆಸಿದ್ದನ್ನು ಬಿಟ್ಟು ಬೇರೆ ಬರೆದಿದ್ದಕ್ಕೆ ಶಿಸ್ತುಕ್ರಮ ಏಕೆ ಕೈಗೊಳ್ಳಬಾರದು, ಏಳು ದಿನದೊಳಗೆ ವಿವರಣೆ ಕೊಡತಕ್ಕದ್ದು. ವಕೀಲರು ದೂರು ಕೊಟ್ಟಿದ್ದರಂತೆ. ಸಂಜೆ ಮನೆಗೆ ತಂದು ಗಂಡನ ಮುಂದೆ ಇಟ್ಟಳು. ನಡೆದದ್ದನ್ನೆಲ್ಲ ಹೇಳಿದಳು, ಹೇಳುತ್ತ ಹೇಳುತ್ತ ಒಗೆಯುವ ಕೆಲಸದ ಆ ತಾಯಿಯ ವಿಷಯವೂ ಬಂತು, ಹದಿನಾಲ್ಕು ವರ್ಷದಲ್ಲಿ ಅವನಿಗೆ ಒಂದು ದಿನವೂ ಹೇಳದಿದ್ದದ್ದು. ಎಂದೂ ಬಾಯಿ ಮುಚ್ಚದ ಗಂಡ ಅಂದು ಕೊನೆಯವರೆಗೂ ಕೇಳಿದ. ಕೇಳಿ ಮುಗಿಸಿ, “ಆ ತಾಯಿಗೆ ಹೋಗಿ ಹೇಳ್ತೀಯಾ?” ಎಂದ. “ಹುಡುಕಿಸಿದೆ ರೀ. ಊರು ಬಿಟ್ಟಿದ್ದಾಳಂತೆ.” ಅವನು ಅವಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ನೋಡಿದ, ಚಿತ್ರ ತಿದ್ದುವ ಮುಂಚೆ ಮಕ್ಕಳ ಹಾಳೆ ನೋಡುತ್ತಿದ್ದನಲ್ಲ, ಹಾಗೆ. ಆಮೇಲೆ ಅವನ ಹಳೆಯ ಸ್ವಭಾವ ಮರಳಿತು. “ವಿವರಣೆ ನಾನು ಬರೆದುಕೊಡ್ತೀನಿ. ನಾಲ್ಕು ಪುಟ. ಶುರುನಲ್ಲೇ ಅವರ ವಂಶ ಜಾಲಾಡಿಸೋಣ.” ಇಬ್ಬರೂ ನಕ್ಕರು. ಅವಳು ಬರೆದದ್ದು ಒಂದೇ ಸಾಲು: ‘ಸಾಕ್ಷಿ ಹೇಳಿದ್ದನ್ನು ಬರೆದಿದ್ದೇನೆ, ಓದಿ ಹೇಳಿದ್ದೇನೆ, ಸರಿಯಿದೆ ಎಂದಿದ್ದಾರೆ.’ ಅದಕ್ಕೆ ಏನು ಮಾಡಬೇಕೆಂದು ಮೇಲಿನವರಿಗೂ ತಿಳಿಯಲಿಲ್ಲವೇನೋ, ಒಂದು ವರ್ಷದ ಸಂಬಳ ಬಡ್ತಿ ತಡೆದು ಕೈಬಿಟ್ಟರು. ಹೊಸದಾದದ್ದು ಬೇರೆ: ಅಂದಿನಿಂದ ಸಾಕ್ಷಿಗಳು ಕಟಕಟೆ ಹತ್ತಿದವರೇ ಮೊದಲು ಪೀಠದ ಕಡೆ ಅಲ್ಲ, ಅವಳ ಕಡೆ ತಿರುಗಿ, “ಬರ್ಕೊಳ್ಳಮ್ಮ” ಎನ್ನತೊಡಗಿದರು.

ನಾಲ್ಕು ತಿಂಗಳ ಮೇಲೆ ತೀರ್ಪು. ನ್ಯಾಯಾಧೀಶರು ತಮ್ಮ ಕೋಣೆಯಲ್ಲಿ ಅವಳನ್ನು ಕೂರಿಸಿಕೊಂಡು ಹೇಳಿ ಬರೆಸಿದರು. ಕರ್ತವ್ಯದಲ್ಲಿದ್ದ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು. ಅನುಮತಿ ಕೇಳಿ ಬರೆದ ಮೂರು ಪತ್ರಗಳಿಗೆ ಉತ್ತರವಿಲ್ಲ. ಆದ್ದರಿಂದ ಆರೋಪಿಯನ್ನು ಬಿಡುಗಡೆ ಮಾಡದೆ ಗತ್ಯಂತರವಿಲ್ಲ. ಅಲ್ಲಿಗೆ ನಿಂತು ಅವರು ಕಿಟಕಿಯ ಹೊರಗೆ ನೋಡಿದರು.

“ಅನುಮತಿ ಕೊಡಬೇಕಾದವರು ಅವರ ಮೇಲಿನವರೇ. ಕೊಡ್ತಾರಾ?” ಎಂದರು, ಅವಳಿಗಲ್ಲ, ಕಿಟಕಿಗೆ. ಆಮೇಲೆ, “ನೀವೇನೂ ಹೇಳಲ್ವಾ?”

“ನಾನು ಹೇಳೋ ಹಾಗಿಲ್ಲ ಸ್ವಾಮಿ.”

“ಆವತ್ತು ಹೇಳಿದ್ರಲ್ಲ.”

“ಆವತ್ತೂ ಅವರೇ ಹೇಳಿದ್ದು.”

ಅವರು ನಕ್ಕುಬಿಟ್ಟರು. ನಕ್ಕು, ಫೈಲನ್ನು ತಿರುವಿ, ತುತ್ತೂರಿಯ ಸಾಕ್ಷಿಯಿದ್ದ ಹಾಳೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಪೆಟ್ಟು ಉಂಟಾಯಿತು ಎಂದಿದ್ದರೆ ಅದರ ಪಕ್ಕದಿಂದ ಸುತ್ತಿಕೊಂಡು ಹೋಗಬಹುದಿತ್ತು. ಒದ್ದರು ಎಂದು ಇದ್ದದ್ದನ್ನು ದಾಟಬೇಕಾದರೆ ಒಂದೋ ಹೌದು ಎನ್ನಬೇಕು, ಒಂದೋ ಇಲ್ಲ ಎನ್ನಬೇಕು. “ಬರೆದುಕೊಳ್ಳಿ” ಎಂದರು. ಅವಳು ಗಮನಿಸಿದಳು, ಹೊಡಿ ಎನ್ನಲಿಲ್ಲ. “ಆರೋಪಿಯು ಸಾಕ್ಷಿಯ ಬಾಯಲ್ಲಿದ್ದ ತುತ್ತೂರಿಗೆ ಬೂಟುಗಾಲಿನಲ್ಲಿ ಒದ್ದನೆಂಬುದನ್ನು, ಅದರಿಂದ ಒಬ್ಬ ಕಲಾವಿದನ ಕಸುಬು ನಾಶವಾಯಿತೆಂಬುದನ್ನು ಈ ನ್ಯಾಯಾಲಯ ಪೂರ್ಣವಾಗಿ ನಂಬುತ್ತದೆ. ಶಿಕ್ಷಿಸುವ ಅಧಿಕಾರ ಈ ನ್ಯಾಯಾಲಯಕ್ಕೆ ಇಲ್ಲದಂತೆ ಮಾಡಲಾಗಿದೆ.” ‘ಒದ್ದನು’ ಎಂಬುದನ್ನು ‘ಒದ್ದರು’ ಎಂದು ಮರ್ಯಾದೆ ಕೊಟ್ಟು ಬರೆಯಬೇಕೇ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

ತೀರ್ಪು ಹೊರಬಿದ್ದ ದಿನ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಬುತ್ತಿ ಹಿಡಿದು ಹೊರಗೆ ಬಂದರೆ ಕೋರ್ಟಿನ ಮೆಟ್ಟಿಲ ಮೇಲೆ ತುತ್ತೂರಿ ಅದೇ ಕೆಂಪು ಕೋಟಿನಲ್ಲಿ ತೀರ್ಪಿನ ಪ್ರತಿ ಹಿಡಿದು ನಿಂತಿದ್ದ.

“ಅಮ್ಮಾ, ನಮ್ಮ ವಕೀಲರು ಬೇರೆ ಹಾಲಿಗೆ ಓಡಿಹೋದ್ರು. ನಾನು ಗೆದ್ನಾ, ಸೋತ್ನಾ?”

“ಸೋತ್ರಿ” ಎಂದಳು. ಸುಳ್ಳು ಹೇಳಲು ಅವಳಿಗೆ ಇನ್ನು ಸಾಧ್ಯವಿರಲಿಲ್ಲ.

“ಗೊತ್ತಿತ್ತು ಬಿಡಿ. ಒದ್ದಿದ್ದು ಇದ್ಯಾ ಇದರಲ್ಲಿ?”

“ಇದೆ. ನಂಬ್ತೀವಿ ಅಂತ ಇದೆ.”

“ಎಲ್ಲಿ, ಓದಿ ನೋಡೋಣ.”

ಅವಳು ಬುತ್ತಿಯನ್ನು ಕಂಕುಳಿಗೆ ಸೇರಿಸಿ ಓದಿದಳು. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಬಾಗಿಲಿನಿಂದ ಅಧಿಕಾರಿ ತಮ್ಮವರೊಂದಿಗೆ ಕೈಕುಲುಕುತ್ತ ಇಳಿದು ಬಂದರು. ಕಾರಿನ ಚಾಲಕ ಚಹಾಕ್ಕೆ ಹೋಗಿದ್ದ. ಕಾರಿಗೆ ಬೀಗ. ಹೋಗುವಂತಿಲ್ಲ, ನಿಲ್ಲುವಂತಿಲ್ಲ. ಅವಳು ಓದು ನಿಲ್ಲಿಸಲಿಲ್ಲ. ಅವಳ ದನಿ ಅಂದು ಹಾಲಿನಲ್ಲಿ ಏರಿದಂತೆಯೇ ಏರಿತು. ಅಧಿಕಾರಿ ಅಲ್ಲೇ ಇದ್ದ ಸೂಚನಾ ಫಲಕದ ಕಡೆ ತಿರುಗಿ, ಕೋರ್ಟಿನ ಮುರಿದ ಕುರ್ಚಿಗಳ ಹರಾಜಿನ ಪ್ರಕಟಣೆಯನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. “ಇನ್ನೊಂದ್ಸಲ ಅಮ್ಮಾ” ಎಂದ ತುತ್ತೂರಿ. ಓದಿದಳು. “ಕಲಾವಿದ ಅಂತ ಇದ್ಯಲ್ಲ, ಅದೊಂದ್ಸಲ.” ಓದಿದಳು. ಅಷ್ಟರಲ್ಲಿ ಮೆಟ್ಟಿಲಿನ ಸುತ್ತ ಇಪ್ಪತ್ತು ಮೂವತ್ತು ಜನ, ತಂತಮ್ಮ ಕೇಸಿಗೆ ಕಾದು ಕೂತವರು, ಸೇರಿದ್ದರು. ಅಧಿಕಾರಿಯ ಕುತ್ತಿಗೆ ಹಿಂದಿನಿಂದ ಕೆಂಪಗಾಗುವುದನ್ನು ಅವರೆಲ್ಲ ಪುಕ್ಕಟೆಯಾಗಿ ನೋಡಿದರು. ಚಾಲಕ ಬಾಯಿ ಒರೆಸಿಕೊಳ್ಳುತ್ತ ಓಡಿ ಬಂದ. ಕಾರು ಹೊರಟುಹೋಯಿತು. ತುತ್ತೂರಿ ಪ್ರತಿಯನ್ನು ಕೋಟಿನ ಒಳಜೇಬಿಗೆ ಸೇರಿಸಿ ಹಿತ್ತಾಳೆಯ ಗುಂಡಿ ಹಾಕಿಕೊಂಡ. “ನಾಲ್ಕು ಜನ ಹುಡುಗರಿಗೆ ಊದೋದು ಕಲಿಸ್ತಾ ಇದೀನಿ. ನಾಳೆ ಪಾಠದ ಮುಂಚೆ ಇದನ್ನ ಓದಿಸ್ಬೇಕು. ಬರ್ಲಾ?” ಎಂದು ಹೊರಟ, ಹಲ್ಲಿಲ್ಲದ ಬಾಯಲ್ಲಿ ಶಿಳ್ಳೆ ಹಾಕಲು ನೋಡುತ್ತ.

ಅವಳು ಬುತ್ತಿ ಬಿಚ್ಚಬೇಕೆಂದು ಮೆಟ್ಟಿಲ ಮೇಲೆ ಕೂತಳು. ಜನ ಚದುರಲಿಲ್ಲ. ಒಬ್ಬ ಮುದುಕಿ, ಸೆರಗಿನಲ್ಲಿ ಕಟ್ಟಿದ್ದ ಹಾಳೆಗಳನ್ನು ಬಿಚ್ಚಿ, ಅವಳ ಮೊಣಕಾಲಿನ ಮೇಲಿಟ್ಟಳು.

“ನನ್ನದೂ ಸ್ವಲ್ಪ ಓದಿ ಹೇಳವ್ವಾ. ಹೋದ ವರ್ಷ ಒಳಗೆ ಸಾಕ್ಷಿ ಹೇಳಿದ್ದೆ. ಏನು ಬರೆದವ್ರೋ ಗೊತ್ತಿಲ್ಲ.”

ಅವಳ ಹಿಂದೆ ಇನ್ನೊಬ್ಬ ಹಾಳೆ ಹಿಡಿದು ನಿಂತ, ಅವನ ಹಿಂದೆ ಇನ್ನಿಬ್ಬರು. ಬಿಡುವು ಮುಗಿಯಲು ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಅವಳು ಬುತ್ತಿಯನ್ನು ಪಕ್ಕಕ್ಕೆ ಸರಿಸಿ, ಮುದುಕಿಗೆ ಕೂರಲು ಜಾಗ ಮಾಡಿದಳು. ಹಾಳೆಗಳನ್ನು ಮಾತ್ರ ತೆರೆಯಲಿಲ್ಲ, ಅಂಗೈಯಿಂದ ಮುಚ್ಚಿ ಹಿಡಿದಳು.

“ಮೊದಲು ನೀವು ಏನು ಹೇಳಿದ್ರಿ, ಅದನ್ನ ಹೇಳಿ” ಎಂದಳು.